ಫೋಟೋದ ಎಡಗಡೆ ಏನಿತ್ತು?

ಗುಂಪು: ಹಳೇ ವಿದ್ಯಾರ್ಥಿಗಳು, ರಾಯಚೂರು-ಕೊಪ್ಪಳ-ಬಳ್ಳಾರಿ

ಶರಣು, ಸಂಜೆ 6:40
[ಫೋಟೋ]
ಸಮ್ಮಿಲನದ ದಿನ ಹಚ್ಚೋ ಫೋಟೋಗೆ ಇದು ಮೊದಲನೇದು ಅಂತ ನಂಗ ಅನಿಸ್ತದ. ರಾಯಚೂರು ಕೋಟೆ ಗ್ವಾಡಿ, ಬುಡದಾಗ ಒಬ್ಬ ಅಜ್ಜ. ಜೂನಿಯರ್ ಹುಡುಗ ಒಬ್ಬ ಕಳಿಸ್ಯಾನ. "ಯಾರೂ ಇಲ್ಲದ ಜೀವ" ಅಂತ ಹೆಸರಿಟ್ಟಾನ. ನಮ್ಮ ವಿಷಯ "ಬೀದ್ಯಾಗ ಒಬ್ಬರೇ". ಎಲ್ಲರೂ ಹೂಂ ಅಂದ್ರ ಪ್ರಿಂಟಿಗೆ ಕೊಡ್ತೀನಿ.

ವಿಜಿ, 6:44
ನಂದು ಹೂಂ. ಅಜ್ಜ ಫ್ರೇಮಿನ ಎತ್ತರದಾಗ ಮೂರನೇ ಒಂದು ಪಾಲು ಅಷ್ಟೇ, ಉಳಿದಿದ್ದೆಲ್ಲಾ ಕಲ್ಲು. ಆ ದೊಡ್ಡ ದೊಡ್ಡ ಕಲ್ಲಿನ ಮುಂದ ಬಿಳಿ ಧೋತರ, ಬಿಳಿ ರುಮಾಲು. ಕಣ್ಣು ಬ್ಯಾರೆ ಕಡೆ ಹೋಗಂಗೇ ಇಲ್ಲ. ವೈರ್ ಇಲ್ಲ, ಫ್ಲೆಕ್ಸ್ ಇಲ್ಲ, ನಿಲ್ಲಿಸಿದ ಬೈಕ್ ಇಲ್ಲ. ಬಸ್ ಸ್ಟ್ಯಾಂಡಿನ ಬಾಜೂಕ ಇಷ್ಟು ಖಾಲಿ ಜಾಗ ಹುಡುಕೋದು ಸಣ್ಣ ಕೆಲಸ ಅಲ್ಲ.

ರೇಣುಕಾ, 6:58
[ಫೋಟೋ]
ನಂದು ಬ್ಯಾಡ. ಆ ಹುಡುಗ ಕತ್ತರಿಸಿದ್ದರ ಜೋಡಿ ಪೂರ್ತಿ ಫೈಲೂ ಕಳಿಸ್ಯಾನ, ಯಾರೂ ತೆಗೆದು ನೋಡಿಲ್ಲೇನು? ಎಡಗಡೆ ಅಂಚು ದೊಡ್ಡದು ಮಾಡಿ ನೋಡ್ರಿ. ನೀಲಿ ತೋಳಿನ ಅಂಗಿ, ಒಂದು ಕೈ, ಆ ಕೈಯಾಗ ಎರಡು ಪೇಪರ್ ಕಪ್ಪು. ಅಜ್ಜಗ ಚಾ ತರಾಕತ್ತಾನ ಯಾರೋ. "ಯಾರೂ ಇಲ್ಲದ ಜೀವ" ಹೆಂಗಾತು ಇದು?

ಶರಣು, 7:01
ಕ್ರಾಪ್ ಮಾಡಬಾರದು ಅಂತ ನಿಯಮದಾಗ ಬರದೇ ಇಲ್ಲಲ್ಲ.

ವಿಜಿ, 7:05
ಕ್ರಾಪ್ ಮಾಡೋದು ತಪ್ಪಲ್ಲ ರೇಣುಕಾ. ಸುದ್ದಿ ಫೋಟೋ ಸ್ಪರ್ಧೆದಾಗೂ ಕ್ರಾಪ್ ನಡೀತದ. ಒಳಗಿದ್ದದ್ದನ್ನ ಅಳಿಸಬಾರದು, ಇಲ್ಲದ್ದನ್ನ ಸೇರಿಸಬಾರದು ಅಷ್ಟೇ. ಫ್ರಾನ್ಸಿನ ಫೋಟೋಗ್ರಾಫರ್ ಆನ್ರಿ ಕಾರ್ತಿಯೆ-ಬ್ರೆಸೊನ್ 1932ರಾಗ ಪ್ಯಾರಿಸ್ಸಿನ ಸ್ಯಾಂ-ಲಝಾರ್ ಸ್ಟೇಷನ್ ಹಿಂದ ತೆಗೆದ ಫೋಟೋ, ನೀರಿನ ಮ್ಯಾಲ ಒಬ್ಬ ಜಿಗೀತಾನಲ್ಲ, ಅದೂ ಕತ್ತರಿಸಿದ್ದೇ. ಅದೂ ಎಡಗಡೆನೇ.

ರೇಣುಕಾ, 7:12
ಅಲ್ಲಿ ಏನು ಕತ್ತರಿಸಿದ್ರು ಹೇಳು. ಬೇಲಿ ಸಂದ್ಯಾಗಿಂದ ತೆಗದಿದ್ರು, ಎಡಕ್ಕ ಬೇಲಿ ಹಲಗಿ ಅಡ್ಡ ಬಂದಿತ್ತು, ಅದನ್ನ ತೆಗೆದ್ರು. ಹಲಗಿ ಹೋದ್ರೂ ಜಿಗಿಯೋನು ಜಿಗೀತಾನ, ಅವನ ಸಂಗತಿ ಬದಲಾಗಲಿಲ್ಲ.
ಇಲ್ಲಿ ಅಜ್ಜನ ಬಲಗೈ ನೋಡು. ಮೊಣಕಾಲಿಂದ ಒಂದು ಗೇಣು ಮ್ಯಾಲ ಎದ್ದೈತಿ, ಅಂಗೈ ಮ್ಯಾಲ, ಬೆರಳು ಅರ್ಧ ಬಿಚ್ಯಾವ. ಪೂರ್ತಿ ಫೋಟೋದಾಗ ಅದು ಕಪ್ಪು ಇಸ್ಕೊಳ್ಳೋ ಕೈ. ಕತ್ತರಿಸಿದ ಫೋಟೋದಾಗ ಅದೇ ಕೈ ಬೇಡೋ ಕೈ ಆಗೇತಿ. ಒಂದು ಪಿಕ್ಸೆಲ್ಲೂ ಅಳಿಸಿಲ್ಲ, ಒಬ್ಬ ಮನುಷ್ಯಾನ ಭಿಕ್ಷುಕನ್ನ ಮಾಡಿಟ್ಟೈತಿ. ನನ್ನ ತಕರಾರು ಇದೊಂದೇ. ಕ್ರಾಪ್ ಮ್ಯಾಲ ಅಲ್ಲ.

ಶರಣು, 7:14
ಕೈ ನಾ ನೋಡೇ ಇರಲಿಲ್ಲ. ಈಗ ಬ್ಯಾರೆ ಏನೂ ಕಾಣವಲ್ದು.

ಮೆಹಬೂಬ, 7:31
ಎರಡೂ ಫೈಲ್ ಕಂಪ್ಯೂಟರಿನಾಗ ಹಾಕಿ ನೋಡಿದೆ. ಪೂರ್ತಿದು 6000×4000 ಪಿಕ್ಸೆಲ್, ಕತ್ತರಿಸಿದ್ದು 2400×3000. 24 ಮೆಗಾಪಿಕ್ಸೆಲ್‌ನಾಗ 7.2 ಉಳದದ. 300 ಡಿಪಿಐ (ಪ್ರಿಂಟಿನಾಗ ಇಂಚಿಗೆ 300 ಚುಕ್ಕಿ) ಲೆಕ್ಕಕ್ಕ ಅದು 8×10 ಇಂಚು. ನಮ್ಮ ಗ್ವಾಡಿಗೆ 16×20 ಬೇಕಂದ್ರ 150ಕ್ಕ ಇಳೀತದ. ಆರು ಫೂಟು ದೂರ ನಿಂತ್ರ ನಡೀತದ, ಹತ್ರ ಹೋದ್ರ ಅಜ್ಜನ ಗಡ್ಡ ಮೆತ್ತಗ ಕಾಣ್ತದ, ಕಲ್ಲಿನ ಉಳಿ ಗುರುತೂ ಹೋಗ್ತದ. ಈ ಫೋಟೋದ ಜೀವನೇ ಆ ಕಲ್ಲು.
ಫೈಲಿನ ಮಾಹಿತಿ ಹೇಳೋದು: 28 ಎಂಎಂ ಲೆನ್ಸ್ (ಅಗಲ ನೋಟದ್ದು), ಎಫ್ 8 (ಲೆನ್ಸಿನ ಕಿಂಡಿ, ಅಂಕಿ ದೊಡ್ಡದಾದಷ್ಟು ಕಿಂಡಿ ಸಣ್ಣದು), ಶಟರ್ ಸೆಕೆಂಡಿನ 1/1600, ಐಎಸ್ಓ 200 (ಬೆಳಕಿಗೆ ಕ್ಯಾಮರಾ ಎಷ್ಟು ಚುರುಕು ಅನ್ನೋದು). ಉರಿ ಬಿಸಲಿಗೆ ಎಫ್ 16ರಾಗ ಐಎಸ್ಓ ಎಷ್ಟೋ ಶಟರ್ ಸೆಕೆಂಡಿನ ಅಷ್ಟರಲ್ಲೊಂದು ಪಾಲು, ಅಂದ್ರ ಇಲ್ಲಿ 1/200. ಎಫ್ 8ಕ್ಕ ನಾಲ್ಕು ಪಟ್ಟು ಬೆಳಕು ಬರ್ತದ, ಅದಕ್ಕ 1/800. ಹುಡುಗ ಬೇಕಂತಲೇ ಒಂದು ಸ್ಟಾಪ್, ಅಂದ್ರ ಅರ್ಧದಷ್ಟು ಬೆಳಕು, ಕಡಿಮಿ ಇಟ್ಟಾನ. ಅದು ಚಲೋ ಕೆಲಸ. ಧೋತರದ ಮಡಿಕಿ ಉಳದಾವ, ನೆರಳು ಕಪ್ಪಾಗ್ಯದ. ಬಿಳಿ ಸುಟ್ಟು ಹೋದ್ರ ರಾ ಫೈಲಿನಾಗೂ (ಕ್ಯಾಮರಾದ ಕಚ್ಚಾ ಫೈಲು) ವಾಪಸ್ ಬರಂಗಿಲ್ಲ, ನೆರಳು ಬೇಕಾದ್ರ ಎರಡು ಸ್ಟಾಪ್ ಬೆಳ್ಳಗ ಎತ್ತಬಹುದು.
ಕೆಲಸ ಬಲ್ಲ ಹುಡುಗ. ಎಡವಿದ್ದು ಒಂದೇ ಕಡೆ: ಕಾಲಿಲೆ ಮಾಡೋದನ್ನ ಕತ್ತರಿಲೆ ಮಾಡ್ಯಾನ.

ವಿಜಿ, 7:35
ಕಾಲಿಲೆ ಅಂದ್ರ?

ಮೆಹಬೂಬ, 7:48
28 ಎಂಎಂ ಲೆನ್ಸಿಗೆ ಆರು ಮೀಟರ್ ದೂರದಾಗ ಫ್ರೇಮಿನ ಎತ್ತರ ಸುಮಾರು 5.1 ಮೀಟರ್ ಬರ್ತದ. ಕುಂತ ಅಜ್ಜ ಅದರಾಗ ಕಾಲು ಭಾಗ. ಹನ್ನೆರಡು ಮೀಟರ್ ದೂರಕ್ಕ ಹಿಂದ ಸರದ್ರ 10.3 ಮೀಟರ್, ಅಜ್ಜ ಎಂಟನೇ ಒಂದು ಪಾಲು. ಆವಾಗ ಚಾ ಕಪ್ಪು ಹಿಡಿದವನೂ ಪೂರ್ತಿ ಒಳಗ ಬರ್ತಿದ್ದ, ಮ್ಯಾಲ ಎರಡರಷ್ಟು ಗ್ವಾಡಿ ಬರ್ತಿತ್ತು. ಇಬ್ಬರೂ ಸಣ್ಣವರಾಗಿ, ಕೋಟೆ ದೊಡ್ಡದಾಗಿ, ಬೇಕಾದ ಖಾಲಿತನ ಕತ್ತರಿ ಇಲ್ಲದೇ ಸಿಗ್ತಿತ್ತು.
ಫೋಕಸ್ ಚಿಂತಿನೂ ಇಲ್ಲ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮರಾದಾಗ 28 ಎಂಎಂ, ಎಫ್ 8 ಇಟ್ಟು 3.3 ಮೀಟರಿಗೆ ಕೈಲೆ ಫೋಕಸ್ ಹಾಕಿಟ್ರ 1.65 ಮೀಟರಿಂದ ಕಣ್ಣಿಗೆ ಕಾಣೋ ತನಕ ಎಲ್ಲಾ ಸ್ಪಷ್ಟ. 35 ಎಂಎಂ ಆದ್ರ 5 ಮೀಟರಿಗೆ ಹಾಕಬೇಕು, ಎರಡೂವರಿ ಮೀಟರಿಂದ ಶುರು.

ವಿಜಿ, 7:55
ಆದ್ರ ಎಲ್ಲರ ಕೈಯಾಗೂ ಕ್ಯಾಮರಾ ಇರಂಗಿಲ್ಲ ಮೆಹಬೂಬ್ ಭಾಯ್. ಬಂದ ಫೋಟೋದಾಗ ಮುಕ್ಕಾಲು ಪಾಲು ಫೋನಿನವು. ಅದರಾಗ ಕೆಡೋದು ಇಲ್ಲೇ: ಎಚ್‌ಡಿಆರ್ (ಬೆಳಕು ನೆರಳು ಎರಡೂ ಕಾಣಂಗ ಮಾಡೋ ಫೋನಿನ ಸೌಲಭ್ಯ) ತಾನಾಗೇ ನೆರಳು ಎತ್ತಿಬಿಡ್ತದ, ಕಪ್ಪಾಗಬೇಕಾದ ಮನುಷ್ಯಾ ಬೂದಿ ಬಣ್ಣಕ್ಕ ಬರ್ತಾನ, ಹಿಂದಿನ ಅಂಗಡಿ ಬೋರ್ಡೆಲ್ಲಾ ಎದ್ದು ಕಾಣ್ತಾವ, ಒಬ್ಬ ಅನ್ನೋದೇ ಉಳಿಯಂಗಿಲ್ಲ. ಎಚ್‌ಡಿಆರ್ ಬಂದ್ ಮಾಡಬೇಕು. ಬಂದ್ ಆಗೋ ಫೋನ್ ಅಲ್ಲಂದ್ರ ಬಿಸಲು ಬಿದ್ದ ಜಾಗದ ಮ್ಯಾಲ ಒತ್ತಿ ಹಿಡಿದು ಲಾಕ್ ಮಾಡಿ ಬೆರಳು ಕೆಳಗ ಎಳೀಬೇಕು.
ಪೋರ್ಟ್ರೇಟ್ ಮೋಡ್ ಅಂತೂ ಬ್ಯಾಡೇ ಬ್ಯಾಡ. ರುಮಾಲಿನ ಅಂಚು, ಕೈಯಾಗಿನ ಕೋಲು ಎರಡೂ ಮಸುಕಿನಾಗ ಕರಗಿ ಹೋಗ್ತಾವ. ಹಿಂದಿಂದನ್ನ ಮಸುಕು ಮಾಡಿದ್ರ ಒಬ್ಬಂಟಿ ಅನಿಸಂಗಿಲ್ಲ, ಸ್ಟುಡಿಯೋದಾಗ ಕುಂತಂಗ ಅನಿಸ್ತದ. ಯಾವ ಜಾಗದಾಗ ಒಬ್ಬ ಅದಾನ ಅನ್ನೋದು ಕಾಣಬೇಕು.

ರೇಣುಕಾ, 8:02
ಈ ಮಾತಿಗೆ ನಂದು ಪೂರ್ತಿ ಒಪ್ಪಿಗೆ. 200 ಎಂಎಂ ಲೆನ್ಸ್ ಹಾಕಿ ರಸ್ತೆ ಆಚೆಯಿಂದ ಹಿಡಿದಿದ್ದೂ ಹಂಗ. ಮುಖ ದೊಡ್ಡದಾಗಿ ಬರ್ತೈತಿ, ಬೀದಿ ಇರೋದಿಲ್ಲ. ಕದ್ದು ನೋಡಿದಂಗ ಕಾಣತೈತಿ ಬ್ಯಾರೆ.

ವಿಜಿ, 8:10
ಈಗ ನನ್ನ ಪ್ರಶ್ನೆಗೆ ಉತ್ತರ ಕೊಡ್ರಿ. ಹಾಂಗ್‌ಕಾಂಗಿನ ಫ್ಯಾನ್ ಹೋ ಅವರ 1954ರ ಫೋಟೋ, ಬಿಳಿ ಗ್ವಾಡಿ, ಓರೆ ನೆರಳು, ಮೂಲ್ಯಾಗ ತಲಿ ಬಗ್ಗಿಸಿ ನಿಂತ ಹೆಣ್ಣುಮಗಳು. ಒಬ್ಬಂಟಿ ಅಂದ ಕೂಡ್ಲೆ ಎಲ್ಲರೂ ಅದನ್ನೇ ತೋರಸ್ತಾರ. ಆಕಿ ಅವರ ಸೋದರ ಸಂಬಂಧಿ, ಅವರೇ ಕರಕೊಂಡು ಹೋಗಿ ನಿಲ್ಲಿಸಿದ್ರು. ಆ ನೆರಳು ಡಾರ್ಕ್‌ರೂಮಿನಾಗ ಹಾಕಿದ್ದು. ಅದನ್ನ ತಲಿ ಮ್ಯಾಲ ಹೊತ್ಕೊಂಡು, ನಮ್ಮೂರ ಹುಡುಗನ ಕ್ರಾಪಿಗೆ ಮಾತ್ರ ಇಷ್ಟು ಬಿಗಿ ಯಾಕ?

ರೇಣುಕಾ, 8:19
ಆ ಹೆಣ್ಣುಮಗಳಿಗೆ ತಾನು ಯಾವ ಫೋಟೋದಾಗ ನಿಂತೀನಿ ಅಂತ ಗೊತ್ತಿತ್ತು. ನಿಂದ್ರು ಅಂದ್ರು, ನಿಂತಳು. ಅಜ್ಜನ್ನ ಯಾರೂ ಕೇಳಿಲ್ಲ. ಕೇಳದೇ ತೆಗೆಯೋದೇ ಕ್ಯಾಂಡಿಡ್, ಹೌದು. ಕೇಳಿಲ್ಲ ಅಂತಲೇ ಅವನ ಕಡೆಯಿಂದ ನಾವು ಹೆಚ್ಚು ಲಕ್ಷ್ಯ ಕೊಡಬೇಕು. ಇಲ್ಲದಿದ್ರ ಅದು ಕಲ್ಪನೆಯ ಚಿತ್ರ ಅಂತ ಬರದು ಹಚ್ಚಲಿ, ನಂದೇನೂ ಅಭ್ಯಂತರ ಇಲ್ಲ. ನಮ್ಮ ಗ್ವಾಡಿಗೆ ಕರೆದದ್ದು ಬೀದ್ಯಾಗ ಸಿಕ್ಕದ್ದನ್ನ.

ಈರಣ್ಣ, 8:24
ವಕೀಲನ ಮಾತು ಎರಡು ಸಾಲಿನ್ಯಾಗ. ಸಾರ್ವಜನಿಕ ಜಾಗದಾಗ ಫೋಟೋ ತೆಗೆಯೋದು ತಾನಾಗೇ ಅಪರಾಧ ಅಲ್ಲ. ಆದ್ರ 2017ರ ಆಗಸ್ಟ್ 24ಕ್ಕ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಪುಟ್ಟಸ್ವಾಮಿ ಪ್ರಕರಣದಾಗ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳೈತಿ, ಮನುಷ್ಯಾನ ಘನತೆಗೆ ಅದನ್ನ ಜೋಡಿಸೈತಿ. ಕೇಸ್ ಆಗ್ತೈತೋ ಇಲ್ಲೋ ಬಿಡ್ರಿ, ಮನ್ಯಾಗ ಮಕ್ಕಳು ಮೊಮ್ಮಕ್ಕಳು ಇರೋ ಅಜ್ಜಗ "ಯಾರೂ ಇಲ್ಲ" ಅಂತ ಬರದು ಊರ ಮುಂದ ಹಚ್ಚಿದ್ರ ಆ ಮನೆಯವರು ಬಂದು ಕೇಳಿದಾಗ ಉತ್ತರ ಏನೈತಿ? ಹೆಸರು ತೆಗೀರಿ.

ಶರಣು, 8:27
ಹೆಸರು ತೆಗೀತೀನಿ, ಅದು ಮುಗೀತು. ಫೋಟೋ ಯಾವದು?

ಮೆಹಬೂಬ, 8:46
ಹೇಳ್ತೀನಿ, ಅದಕ್ಕೂ ಮೊದಲು ಒಂದು. ಈ ವಿಷಯದಾಗ ಒಬ್ಬರೇ ಇರೋ ಖಾಲಿ ಬೀದಿನೇ ಹುಡುಕಬೇಕು ಅಂತ ಹುಡುಗರು ತಿಳಕೊಂಡಾರ. ಮನುಷ್ಯಾ ಇದ್ದ ಮೊದಲ ಫೋಟೋ ಅಂತ ಹೇಳೋ 1838ರ ಚಿತ್ರ ನೋಡ್ರಿ, ಫೋಟೋ ಕಲೆಯ ಮೊದಲಿಗರಾಗ ಒಬ್ಬರಾದ ಡಗೇರ್ ತೆಗೆದದ್ದು. ಪ್ಯಾರಿಸ್ಸಿನ ಗಿಜಿಗಿಜಿ ರಸ್ತೆ ಅದು. ಎಕ್ಸ್‌ಪೋಶರ್ (ಪ್ಲೇಟಿನ ಮ್ಯಾಲ ಬೆಳಕು ಬೀಳೋ ಹೊತ್ತು) ನಿಮಿಷಗಟ್ಲೆ, ಹಿಂಗಾಗಿ ಗಾಡಿ, ಕುದುರಿ, ಜನ ಯಾರೂ ಪ್ಲೇಟಿನ ಮ್ಯಾಲ ಉಳೀಲಿಲ್ಲ. ಬೂಟು ಪಾಲಿಶ್ ಮಾಡಸ್ಕೊಳ್ಳಾಕ ನಿಂತವ, ಪಾಲಿಶ್ ಮಾಡೋವ, ಅಲುಗದೇ ಇದ್ದಿದ್ದಕ್ಕ ಉಳದ್ರು. ಬೀದಿ ಖಾಲಿ ಇರಲಿಲ್ಲ, ಆ ಎಕ್ಸ್‌ಪೋಶರ್ ಖಾಲಿ ಮಾಡ್ತು.
ಅದೇ ಕೆಲಸ ಕೊಪ್ಪಳ ಗವಿಮಠದ ಜಾತ್ರ್ಯಾಗ ಮಾಡಬಹುದು, ಜನವರಿಯಾಗ ಲಕ್ಷಗಟ್ಲೆ ಮಂದಿ. ಕಟ್ಟಿ ಮ್ಯಾಲ ಸುಮ್ನ ಕುಂತ ಒಬ್ಬಾಕಿನ್ನ ಹಿಡಕೊಂಡು ಶಟರ್ ಸೆಕೆಂಡಿನ ಮೂರನೇ ಒಂದು ಪಾಲಿಗೆ ಇಳಿಸಬೇಕು. ನಡಿಯೋರೆಲ್ಲಾ ಗೆರೆ ಆಗ್ತಾರ, ಆಕಿ ಸ್ಪಷ್ಟ ಉಳೀತಾಳ. ಫೋಟೋಗ್ರಾಫರ್ ರಘು ರಾಯ್ ಅವರು 1995ರಾಗ ಮುಂಬೈ ಚರ್ಚ್‌ಗೇಟ್ ಸ್ಟೇಷನ್ನಿನಾಗ ಮಾಡಿದ್ದು ಇದೇ. ಹಗಲು ಬಿಸಲಿಗೆ ಬರೀ ಶಟರ್ ಇಳಿಸಿದ್ರ ಎಲ್ಲಾ ಬಿಳಿ ಆಗ್ತದ. ಎಫ್ 11, ಐಎಸ್ಓ 100ಕ್ಕ 1/200 ಬರ್ತದ, ಅದಕ್ಕ ಎನ್‌ಡಿ 64 ಫಿಲ್ಟರ್ (ಬೆಳಕನ್ನ 64ರಾಗ ಒಂದು ಪಾಲಿಗೆ ಇಳಿಸೋ ಗಾಜು) ಹಾಕಿದ್ರ ಸುಮಾರು 1/3. ಕ್ಯಾಮರಾ ಕಂಬಕ್ಕೋ ಕಟ್ಟೆಗೋ ಒತ್ತಿ ಹಿಡೀಬೇಕು, ಕೈಲೆ ಹಿಡದ್ರ ಆಕಿನೂ ಅಲುಗತಾಳ. ಒಂದಕ್ಕ ತೃಪ್ತಿ ಪಡಬಾರದು, ಹತ್ತಾರು ತೆಗೀಬೇಕು. ಕುಂತೋರೂ ಉಸಿರಾಡ್ತಾರ, ತಲಿ ಹೊಳ್ಳಸ್ತಾರ.
ಇದರಾಗ ಯಾರನ್ನೂ ಹೊರಗ ಹಾಕಂಗಿಲ್ಲ. ಅಷ್ಟು ಮಂದಿ ಫ್ರೇಮಿನಾಗೇ ಅದಾರ, ಆದ್ರೂ ಆಕಿ ಒಬ್ಬಾಕಿ.

ವಿಜಿ, 8:53
ಇದು ಚಲೋ ಅದ. ನಮ್ಮ ಬಳ್ಳಾರಿ ಹುಡುಗರಿಗೆ ನೆರಳಿನ ಹೊತ್ತೂ ಹೇಳಬೇಕು. ಏಪ್ರಿಲ್ ಕಡೀಗೆ, ಮೇ ಮೊದಲ ವಾರ ಸೂರ್ಯ ನಮ್ಮ ನೆತ್ತಿ ಮ್ಯಾಲೇ ಬರ್ತಾನ. 12:20ರ ಸುಮಾರಿಗೆ ನೆರಳು ಕಾಲ ಕೆಳಗ ಸೇರಿಬಿಡ್ತದ, ರುಮಾಲಿನ ಕೆಳಗ ಕಣ್ಣು ಎರಡು ಕಪ್ಪು ಗುಂಡಿ. ಆ ಹೊತ್ತಿನಾಗ ಮುಖ ಬ್ಯಾಡ, ಮ್ಯಾಲಿಂದ ಕೊಡಿ ಹಿಡಿದೋರನ್ನ ತೆಗೀಬೇಕು. 3:20ಕ್ಕ ನೆರಳು ಆಳೆತ್ತರ, 5:20ಕ್ಕ ಮೂರಾಳು. ಮೂರಾಳು ನೆರಳಿದ್ದಾಗ ಗುಡ್ಡದ ಕೆಳಗಿನ ಅಗಲ ರಸ್ತ್ಯಾಗ ಒಬ್ಬ ನಡದ್ರೂ ಫ್ರೇಮ್ ತುಂಬತದ.
ಜಾಗ ಮೊದಲು ಹುಡುಕಿ ನಿಂದರಬೇಕು, ಮನುಷ್ಯಾ ತಾನಾಗೇ ಬರ್ತಾನ. ಬೆನ್ನತ್ತಿ ಹೋದ್ರ ಸಿಗೋದು ಬೆನ್ನೇ. ನಡಿಯೋರಿಗೆ 1/500ಕ್ಕಿಂತ ಕಡಿಮಿ ಬ್ಯಾಡ, 1/250ಕ್ಕ ಪಾದ ಮಸುಕಾಗ್ತದ. ತಲಿ ಸುತ್ತ ಒಂದಿಷ್ಟು ಖಾಲಿ ಗ್ವಾಡಿ ಇರಬೇಕು. ತಲಿಯಿಂದ ಲೈಟ್ ಕಂಬ ಎದ್ದಂಗ ಕಂಡ್ರ ಒಂದು ಹೆಜ್ಜಿ ಬಾಜೂಕ ಸರಿದ್ರ ಸಾಕು.

ಶರಣು, 8:56
ಎರಡೂ ಮೆಸೇಜ್ ಪಿನ್ ಮಾಡಿದೆ, ಹುಡುಗರಿಗೆ ಕಳಿಸ್ತೀನಿ. ಈಗ ಅಜ್ಜಂದು ಹೇಳ್ರಿ.

ಮೆಹಬೂಬ, 9:04
ಪೂರ್ತಿ ಫ್ರೇಮ್. ಕಾರಣ ನ್ಯಾಯ ಅಷ್ಟೇ ಅಲ್ಲ, ಫೋಟೋನೂ ಅದೇ ಚಲೋ ಅದ. ನೀಲಿ ತೋಳಿಂದ ಅಜ್ಜನ ಕೈ ತನಕ ಸುಮಾರು ಎರಡು ಮೀಟರ್ ಬರೀ ಕಲ್ಲು. ಚಾ ಕಪ್ಪು ಇನ್ನೂ ಕೈ ಮುಟ್ಟಿಲ್ಲ. ಅಜ್ಜ ಆ ಕಡೆ ನೋಡವಲ್ಲ, ಎದುರು ಎಲ್ಲೋ ನೋಡ್ತಾನ, ಕೈ ಮಾತ್ರ ಎದ್ದದ. ಅಂದ್ರ ಯಾರೋ ಬರ್ತಾರ ಅಂತ ಕೈಗೆ ಗೊತ್ತು, ಮನುಷ್ಯಾ ತನ್ನ ಪಾಡಿಗೆ ಅದಾನ. ಕತ್ತರಿಸಿದ್ದರಾಗ ನೋಡೋರು ಅಯ್ಯೋ ಪಾಪ ಅಂದು ಮುಂದ ಹೋಗ್ತಾರ. ಇದರ ಮುಂದ ನಿಂದರ್ತಾರ.

ವಿಜಿ, 9:11
ಆಕಾರದ ಲೆಕ್ಕದಾಗ ಕತ್ತರಿಸಿದ್ದೇ ಗಟ್ಟಿ ಅಂತ ನಾ ಈಗಲೂ ಹೇಳ್ತೀನಿ. ನೀಲಿ ತೋಳು ಅಂಚಿನಾಗ ಕಣ್ಣು ಎಳೀತದ. ಕಪ್ಪುಬಿಳುಪು ಮಾಡಿದ್ರ ಎಡಿಟಿಂಗಿನಾಗ ನೀಲಿ ಬಣ್ಣದ ಸ್ಲೈಡರ್ ಇಳಿಸಿ ತೋಳನ್ನ ಕಲ್ಲಿನ ಬಣ್ಣಕ್ಕ ತರಬಹುದು, ಚಾ ಕಪ್ಪುಗಳು ಮಾತ್ರ ಬೆಳ್ಳಗ ಉಳೀತಾವ. ಇದನ್ನಾದ್ರೂ ಒಪ್ಪತೀರೇನು?

ರೇಣುಕಾ, 9:14
ಒಪ್ಪಿದೆ. ತೋಳು ಕಾಣಬೇಕು ಆದ್ರ, ಪೂರ್ತಿ ಮುಳುಗಿಸಬ್ಯಾಡ. ಹೆಸರಿನ ಜಾಗಕ್ಕ "ಕೋಟೆ ಗೋಡೆ, ರಾಯಚೂರು, ಮಧ್ಯಾಹ್ನ" ಅಂತ ಇಷ್ಟೇ ಬರೀರಿ.

ಈರಣ್ಣ, 9:16
ಹುಡುಗಗ ಫೋನ್ ಮಾಡಿ ಹೇಳ್ರಿ ಶರಣು, ಅವನ ಒಪ್ಪಿಗೆ ಇಲ್ಲದೇ ಕ್ರಾಪ್ ಬದಲಿಸಬ್ಯಾಡ್ರಿ. ಅಜ್ಜನ್ನ ಹುಡುಕಾಕ ಆದ್ರ ಒಂದು ಪ್ರಿಂಟ್ ಕೊಡಲಿ ಅಂತನೂ ಹೇಳ್ರಿ.

ಶರಣು, 9:20
ಈಗ ಮಾಡ್ತೀನಿ. ಸೈಜ್?

ಮೆಹಬೂಬ, 9:23
12×18 ಇಂಚು, ಪೂರ್ತಿ ಫೈಲಿನಾಗ 333 ಡಿಪಿಐ ಬರ್ತದ, 3:2 ಅಳತಿ ಇರೋದಕ್ಕ ಎಲ್ಲೂ ಕತ್ತರಿಸೋದು ಬರಂಗಿಲ್ಲ. ಲ್ಯಾಬಿನವರಿಗೆ ಬಾರ್ಡರ್ ಬಿಟ್ಟು ಹೊಡೀರಿ ಅಂತ ಹೇಳು, ಇಲ್ಲಂದ್ರ ಮಷೀನ್ ಅಂಚು ತಿಂತದ, ಚಾ ಕಪ್ಪುಗಳು ಅಂಚಿನಾಗೇ ಅದಾವ. ಮ್ಯಾಟ್ ಪೇಪರ್. ಗ್ಲಾಸಿ ಹಾಕಿದ್ರ ಹಾಲಿನ ಟ್ಯೂಬ್‌ಲೈಟ್ ನೆಟ್ಟಗ ಅಜ್ಜನ ಧೋತರದ ಮ್ಯಾಲ ಹೊಳೀತದ.