ಸಹಾಯ ಬೇಕು: ನರಕದಲ್ಲಿ ದಾಂತೆ ಮರುಗುವುದು ತಪ್ಪೇ?

ಎಲ್ಲರಿಗೂ ನಮಸ್ಕಾರ. ಇಟಲಿಯ ಕವಿ ದಾಂತೆಯ 'ಇನ್ಫರ್ನೊ' ಓದುತ್ತಿದ್ದೇನೆ. ಇದರಲ್ಲಿ ದಾಂತೆ ತಾನೇ ಯಾತ್ರಿಕನಾಗಿ ನರಕದಲ್ಲಿ ಸಾಗುತ್ತಾನೆ; ದಾರಿ ತೋರಿಸುವವನು ಪ್ರಾಚೀನ ರೋಮನ್ ಕವಿ ವರ್ಜಿಲ್. ಒಂದು ವಿಷಯ ಬಗೆಹರಿಯುತ್ತಿಲ್ಲ, ಬಲ್ಲವರು ದಯವಿಟ್ಟು ನೆರವಾಗಿ.

5ನೇ ಸರ್ಗದಲ್ಲಿ ಫ್ರಾಂಚೆಸ್ಕಾ ತನ್ನ ಪ್ರೇಮದ ಕತೆ ಹೇಳುತ್ತಾಳೆ. ಅವಳ ಪ್ರಿಯಕರ, ಮೈದುನ ಪಾವ್ಲೊ ಪಕ್ಕದಲ್ಲೇ ಅಳುತ್ತಾನೆ. ಇಬ್ಬರನ್ನೂ ಬಿರುಗಾಳಿ ಬಿಡುವಿಲ್ಲದೆ ಹೊತ್ತು ತಿರುಗಿಸುತ್ತದೆ. ದಾಂತೆ ಮರುಕದಿಂದ ಮೂರ್ಛೆ ಹೋಗುತ್ತಾನೆ. ಅಲ್ಲಿ ವರ್ಜಿಲ್ ಬೈಯುವುದಿಲ್ಲ. 20ನೇ ಸರ್ಗದಲ್ಲಿ ಭವಿಷ್ಯ ಹೇಳುತ್ತಿದ್ದವರ ಕತ್ತು ಹಿಂದಕ್ಕೆ ತಿರುಚಿರುತ್ತದೆ. ಮುಂದಿನದನ್ನು ನೋಡಲು ಹೋದವರು ಈಗ ಹಿಂದೆ ಮಾತ್ರ ನೋಡಬಲ್ಲರು. ಪಾಪಕ್ಕೆ ತಕ್ಕ ಶಿಕ್ಷೆ, ಅದು ಸರಿ. ಆದರೆ ಅವರಿಗಾಗಿ ಅತ್ತ ದಾಂತೆಯನ್ನು ಅದೇ ವರ್ಜಿಲ್ ಗದರುತ್ತಾನಲ್ಲ, ಯಾಕೆ?

ಇನ್ನೂ ಜಾಸ್ತಿ ಕಾಡುವವನು 27ನೇ ಸರ್ಗದ ಗ್ವಿದೊ ದ ಮಾಂಟೆಫೆಲ್ಟ್ರೊ. ಅವನು ಮೋಸದ ಸಲಹೆ ಕೊಟ್ಟವನು; ಆ ಪಾಪಕ್ಕೆ ಪೋಪ್ 8ನೇ ಬೋನಿಫೇಸ್ ಮೊದಲೇ ಕ್ಷಮೆ ಕೊಟ್ಟರೂ ಅವನಿಗೆ ನರಕ. ಆದರೆ ಇದೇ ಕಾವ್ಯದ ಮುಂದಿನ ಭಾಗ, ಪಾಪ ತೊಳೆದುಕೊಳ್ಳುವ ಲೋಕದ ಕತೆಯಾದ 'ಪರ್ಗಟೋರಿಯೊ'ದಲ್ಲಿ ಅವನ ಮಗ ಬುವೊನ್‌ಕೊಂಟೆ ಸಾಯುವಾಗ ಸುರಿಸಿದ ಒಂದು ಹನಿ ಕಣ್ಣೀರಿನಿಂದ ಪಾರಾಗುತ್ತಾನೆ! ಪಶ್ಚಾತ್ತಾಪವೇ ಎಲ್ಲವನ್ನೂ ತೀರ್ಮಾನಿಸುತ್ತದೆ ಅಂತ ನನಗನ್ನಿಸುತ್ತದೆ. ಫ್ರಾಂಚೆಸ್ಕಾ ಪ್ರೇಮವನ್ನೂ ತಾವು ಓದಿದ ಪುಸ್ತಕವನ್ನೂ ದೂರುತ್ತಾಳೆ, ತನ್ನನ್ನಲ್ಲ. ಹಾಗಾದರೆ ದಾಂತೆಯ ಮೂರ್ಛೆಯನ್ನು ಕವಿ ಒಪ್ಪುತ್ತಾನಾ, ಅಥವಾ ಅದೂ ಯಾತ್ರಿಕ ಕಲಿಯಬೇಕಾದ ಪಾಠವಾ? ನೀವು ಹೇಗೆ ಓದಿಕೊಂಡಿದ್ದೀರಿ, ಯಾವ ಸರ್ಗಗಳನ್ನು ಜೊತೆಗಿಟ್ಟು ನೋಡಬೇಕು, ತಿಳಿಸಿ.