ತಂಗಿ, ಬುತ್ತಿ ಮಕ್ಕಳ ಕೈಲೇ ಕಟ್ಟಸು

ತಂಗಿ, ನಿನ್ನ ಮೆಸೇಜ್ ಈಗ ನೋಡ್ದೆ. ಉದ್ದ ಆಗ್ತದ, ಆದ್ರೂ ಪೂರಾ ಕೇಳು. ಮಕ್ಕಳು ಇಬ್ಬರೂ ಮುಂಜಾನೆ ಎದ್ದು ಅವ್ವನ ಬುತ್ತಿ ನಾವೇ ಕಟ್ತೀವಿ ಅಂತ ಅಡಗಿಮನ್ಯಾಗ ಬಂದು ನಿಲ್ತಾರ, ಜೇವರ್ಗಿ ಬಸ್ ತಪ್ಪಲಾಕತ್ತದ, ಬೈದು ಹೊರಗ ಕಳಸ್ಲೇನು ಅಂತ ಕೇಳಿದ್ಯಲ್ಲ, ಬೈಬ್ಯಾಡವಾ. 8 ವರ್ಷದ ಪೋರಿ, 5 ವರ್ಷದ ಪೋರ, ತಾವಾಗೇ ಕೇಳ್ಕೋತ ಬಂದಾವ, ಈಗ ಬ್ಯಾಡ ಅಂದ್ರ ಮುಂದ 15 ವರ್ಷದವ್ರಾದಾಗ ನೀ ಕರದ್ರೂ ಬರಂಗಿಲ್ಲ.

ನೀ ಎಲ್ಲಾ ಕೆಲಸ ಮುಂಜಾನಿಗೇ ಇಟ್ಟಗೊಂಡಿ, ಗದ್ದಲ ಅದಕ್ಕೇ ಆಗ್ತದ. ಏಪ್ರಿಲ್ ಮೇದಾಗ ನಮ್ಮ ಕಲಬುರಗಿ ಕಡಿ ಸರ್ಕಾರಿ ಆಫೀಸ್ ಟೈಮ್ 8 ರಿಂದ 1:30 ಅಂದ್ರ ನೀ ಆರೂವರಿಗೆಲ್ಲಾ ಮನಿ ಬಿಡಬೇಕು, ಆ ಹೊತ್ತಿನಾಗ ಮಕ್ಕಳಿಗೆ ಕಲಸ್ಲಾಕ ಆಗಂಗಿಲ್ಲ ಖರೇ. ಅದಕ ರಾತ್ರಿನೇ ಡಬ್ಬಿ ತೊಳದು ಬೋರಲ ಹಾಕೋದು, ಚಮಚ ಅರಿವಿ ತೆಗದಿಡೋದು, ಇದು ಸಣ್ಣಾಂವಂದು. ಮುಂಜಾನೆ ಮಡಕಿ ನೀರು ಬಾಟಲಿಗೆ ತುಂಬೋದೂ ಅವಂದೇ, ಚಲ್ತಾನ, ಚಲ್ಲಲಿ.

ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಐತವಾರ ಮಾಡು, ವಾರಪೂರ್ತಿ ಬರ್ತದ. ಶೇಂಗಾ ಸಣ್ಣ ಉರಿ ಮ್ಯಾಲ ನೀನೇ ಹುರಿ, ಆರಿದ ಮ್ಯಾಲ ಪರಾತದಾಗ ಹಾಕಿ ಮಕ್ಕಳ ಮುಂದ ಇಡು, ಎರಡೂ ಅಂಗೈಯಾಗ ತಿಕ್ಕಿ ತಿಕ್ಕಿ ಸಿಪ್ಪಿ ಬಿಡಸ್ತಾವ, ಉಫ್ ಉಫ್ ಅಂತ ಊದ್ತಾವ, ಮನಿ ತುಂಬ ಕೆಂಪ ಸಿಪ್ಪಿ ಹಾರ್ತದ. ನಡುನಡುವ ಬಾಯಿಗೂ ಹೋಗ್ತಾವ, ಅದಕ ಒಂದು ಹಿಡಿ ಜಾಸ್ತಿನೇ ಹುರಿ. ಬಳ್ಳೊಳ್ಳಿ ಸುಲಿಯೋದು ಪೋರಿಗೆ ಕೊಡು. ಖಾರಪುಡಿ ಮಾತ್ರ ನೀನೇ ಹಾಕು, ಆ ಕೈ ಕಣ್ಣಿಗೆ ಹಚ್ಚಗೊಂಡ್ರ ಮುಗೀತು. ಹಂಚು, ಇಳಗಿ ಹತ್ರನೂ ಈಗೇ ಬ್ಯಾಡ. ಉಳ್ಳಾಗಡ್ಡಿ ಹೆಂಗೂ ಹೆಚ್ಚೋ ಕೆಲಸನೇ ಇಲ್ಲ, ಹೆಚ್ಚಿಟ್ರ ಮಧ್ಯಾಹ್ನಕ್ಕ ಡಬ್ಬಿ ಎಲ್ಲಾ ನಾರ್ತದ, ಇಡೀದೇ ಇಡಲಿ, ಉಣ್ಣೋ ಮುಂದ ಗುದ್ದಿ ಒಡಕೋ. ಸೌತಿಕಾಯಿನೂ ಹಂಗೇ.

ಒಂದು ಮಾತು ಹೇಳ್ತೀನಿ, ನಿಂಗ ನೆನಪಿರಂಗಿಲ್ಲ, ನೀ ಆಗ ತೊಟ್ಟಲದಾಗಿದ್ದಿ. ಅಪ್ಪ ಶಹಾಬಾದ ಕಡಿ ಫರ್ಸಿ ಕಲ್ಲಿನ ಖಣಿಗೆ ಹೋಗ್ತಿದ್ರು, ಬುತ್ತಿ ಕಟ್ಟೋದು ನನ್ನ ಪಾಲಿಗೆ ಬಂದಿತ್ತು. ಒಂದಿನ ಬಿಸಿ ಬಿಸಿ ಅನ್ನ ಒಲಿ ಮ್ಯಾಲಿಂದ ತೆಗದಿದ್ದೇ ಡಬ್ಬಿಗೆ ಒತ್ತಿ ಮುಚ್ಚಳ ಬಿಗದು ಕೊಟ್ಟೆ. ಬ್ಯಾಸಗಿ ಬಿಸಲು, ಕಲ್ಲಿನ ಕಾವು, ಒಳಗಿನ ಹಬಿ ಎಲ್ಲಾ ಕೂಡಿ ಮಧ್ಯಾಹ್ನಕ್ಕ ಅನ್ನ ಹಳಸಿ ನೂಲ ಬಂದಿತ್ತು. ಅಪ್ಪ ಎರಡ ರೊಟ್ಟಿ ಹಿಂಡಿ ತಿಂದು ಸಂಜಿತನ ಕಲ್ಲ ಒಡದು ಬಂದ್ರು. ಬೈಲಿಲ್ಲ, ಬಚ್ಚಲದಾಗ ಕೈ ತೊಳಕೋತ, ನಾಳಿ ಅನ್ನ ಆರಲಿ ಬಿಡವಾ ಅಂದ್ರು ಅಷ್ಟೇ. ಮರುದಿನ ನಾ ಅನ್ನ ಗಂಗಾಳದಾಗ ಹರವಿ ಬೀಸಣಿಕಿ ತಗೊಂಡು ಕೈ ನೋಯೋತನ ಬೀಸಿದ್ದು ಇವತ್ತಿಗೂ ನೆನಪದ.

ಅದಕ ಹೇಳೋದು, ಪೋರಿಗೆ ಇದೊಂದು ಗಟ್ಟಿಯಾಗಿ ಕಲಸು. ಬಿಸಿ ಇದ್ದಾಗ ಮುಚ್ಚಿದ್ರ ಹಬಿ ನೀರಾಗಿ ಅನ್ನದ ಮ್ಯಾಲೇ ಬೀಳ್ತದ, ಆ ಹಸಿ, ಆ ಬೆಚ್ಚಗಿನದಾಗೇ ಅನ್ನ ಕೆಡಸೋ, ಕಣ್ಣಿಗೆ ಕಾಣದ ಹುಳ ಬೆಳಿತಾವ. ಹರವಿ ಜಲ್ದಿ ಆರಸಿ ಆಮ್ಯಾಲ ತುಂಬೋದು, ಹಂಗಂತ ತಾಸಗಟ್ಲೆ ಹೊರಗ ಬಿಡೋದೂ ಅಲ್ಲ. ಮೊಸರನ್ನ ಒಯ್ಯೋದಿದ್ರ ಉಗುರಬೆಚ್ಚಗಿನ ಅನ್ನಕ್ಕ ಹಾಲು ಹಾಕಿ ಕಲಸಿ ಮೊಸರು ಒಂದೇ ಚಮಚ ಹಾಕ್ಲಿ, ನೀ ಉಣ್ಣೋ ಹೊತ್ತಿಗೆ ಹದಕ್ಕ ಹೆಪ್ಪಾಗಿರ್ತದ, ಹುಳಿ ಬರಂಗಿಲ್ಲ.

ಖಡಕ್ ರೊಟ್ಟಿಗೆ ಈ ಚಿಂತಿನೇ ಇಲ್ಲ, ಒಳಗ ಹಸಿ ಇರಂಗಿಲ್ಲ, ದಿನಗಟ್ಲೆ ಇರ್ತದ. ನಾಕ ರೊಟ್ಟಿ ಬಿಳಿ ಅರಿವಿಯಾಗ ಇಟ್ಟು ನಾಕೂ ಚುಂಗು ಗಂಟ ಹಾಕೋದು ಮಕ್ಕಳ ಕೆಲಸ, ಮೊದಮೊದಲ ಒಡಿತಾವ, ಒಡದ್ರ ಪುಂಡಿಪಲ್ಯದಾಗ ಕಲಸಕೊಂಡು ತಿನ್ನು, ಮನಿಗೆ ಬಂದು ಮುರದಿದ್ವು ಅಂತ ದೂರಬ್ಯಾಡ. ಎಳ್ಳ ಅಮಾಸಿಗೆ ಹೊಲಕ್ಕ ಹೋಗೋ ಮುಂದ ಭಜ್ಜಿ ಸಜ್ಜಿರೊಟ್ಟಿ ಬುಟ್ಟಿಯಾಗ ಹೊಂದಸ್ಲಾಕ ಇವೇ ಮಕ್ಕಳು ಎಷ್ಟು ಖುಷಿಲೇ ಬರ್ತಾವ ನೋಡೀದಿ, ಅದೇ ಕೈ ಇವು.

ಸಂಜಿಕ ಬಂದ ಮ್ಯಾಲ ಡಬ್ಬಿ ಅವರ ಕೈಯಾಗೇ ಕೊಡು, ತೆಗದು ನೋಡ್ಲಿ, ಎಷ್ಟ ಉಂಡಿ, ಏನ ಉಳಸಿದಿ, ಯಾರ ಕೂಡ ಹಂಚಗೊಂಡಿ ಅಂತ ಕೇಳ್ತಾವ, ಹೇಳು. ನಮ್ಮಪ್ಪ ಯಾವ ಗಿಡದ ನೆರಳಿಗೆ ಕುಂತು ಉಣ್ತಿದ್ರು ಅಂಬೋದು ನಂಗ ಹಿಂಗೇ ಗೊತ್ತಾಗಿದ್ದು.

ಹಾಂ, ಮತ್ತ, ಹಿಂಡಿ ಈ ವಾರ ಮುಗದಿದ್ರ ಹೇಳು, ನಮ್ಮ ಮನ್ಯಾಗ ಅರ್ಧ ಕಿಲೋ ಕುಟ್ಟಿಟ್ಟೀನಿ, ನಾಳಿ ತಮ್ಮ ಬರ್ತಾನ, ಅವನ ಕೈಲೇ ಕಳಸ್ತೀನಿ. ಡಬ್ಬಿ ತೊಳದು ಪೋರನ ಕೈಲೇ ವಾಪಸ್ ಕೊಡಸು.