ಸಹಾಯ ಬೇಕು: ಬಸುರಿ ತಂಗಿಯನ್ನು ಯಾರಿಗೆ ತೋರಿಸಲಿ?

ನಾವು ಮಂಡ್ಯದವರು. ತಂಗಿಗೆ ಈಗ ಆರು ತಿಂಗಳು. ಮೂರು ವಾರದಿಂದ ಸುಮ್ನೆ ಅಳುತ್ತಾಳೆ, ನಿದ್ದೆ ಇಲ್ಲ. ಬಯಕೆಗೆ ಅಂತ ಅಮ್ಮ ಮಾಡಿದ ಒಬ್ಬಟ್ಟು ತಟ್ಟೆಯಲ್ಲೇ ಒಣಗಿತ್ತು.

ಎರಡು ವರ್ಷದ ಹಿಂದೆ ಖಿನ್ನತೆಗೆ ಮಾತ್ರೆ ಶುರು ಮಾಡಿದ್ದಳು. ಬಸುರಿ ಅಂತ ಗೊತ್ತಾದ ದಿನವೇ ಯಾರನ್ನೂ ಕೇಳದೆ ನಿಲ್ಲಿಸಿಬಿಟ್ಟಳು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿದೆ. ಮೊದಲೇ ಖಿನ್ನತೆ ಇದ್ದವರಿಗೆ ಈಗ ಮರುಕಳಿಸುವ ಸಾಧ್ಯತೆ ಜಾಸ್ತಿ, ಮನೋವೈದ್ಯರಿಗೆ ತೋರಿಸಿ ಎಂದರು. ಹೆರಿಗೆ ಡಾಕ್ಟರು ಮಾತ್ರ 'ಬಸುರಿಯರಿಗೆ ಇದೆಲ್ಲ ಸಹಜ' ಎಂದು ಐರನ್ ಮಾತ್ರೆ ಬರೆದು ಕಳಿಸಿದರು. ದೃಷ್ಟಿ ತೆಗೆದದ್ದೂ ಆಯಿತು (ಮೆಣಸಿನಕಾಯಿ ತಂದುಕೊಟ್ಟವಳು ನಾನೇ).

ಮಾತ್ರೆ ತಗೊಂಡರೆ ಮಗುವಿಗೆ ತೊಂದರೆ ಅಂತ ಅವಳ ಹೆದರಿಕೆ. ತಗೊಳ್ಳದಿದ್ದರೂ ತೊಂದರೆ ಅಲ್ವಾ?

ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ನೇರವಾಗಿ ಹೋಗಬಹುದಾ, ಇಲ್ಲಾ ಹೆರಿಗೆ ಡಾಕ್ಟರ ಚೀಟಿ ಬೇಕಾ? ಬಸುರಿಯನ್ನು ಕರೆದುಕೊಂಡು ಹೋದವರು ಯಾರಾದರೂ ಇದ್ದರೆ ಹೇಳಿ.